ದುರ್ಗಾಳ ಹೆಸರಿನ ಡಬ್ಬಿ

"ಇದು ಆ ಕೂಸಿಂದಲ್ಲ, ಮೇಡಮ್."

ರಾಯಚೂರಿನ ಪ್ರಯೋಗಾಲಯದ ತಹಸೀನ್ ಹಾಗೆಂದು ಕನ್ನಡಕ ತೆಗೆದು ದುಪಟ್ಟಾದ ಅಂಚಿನಿಂದ ಒರೆಸತೊಡಗಿದಳು. ಗಾಜು ಸ್ವಚ್ಛವಾಗಿಯೇ ಇತ್ತು. ಎದುರಿಗೆ ಕೂತವಳ ಮುಖ ನೋಡಲಾಗದೆ ಮಾಡಿದ ಕೆಲಸ ಅದು.

ಸಬ್ ಇನ್‌ಸ್ಪೆಕ್ಟರ್ ಉಮಾದೇವಿ ತೊಡೆಯ ಮೇಲಿದ್ದ ರಟ್ಟಿನ ಪೆಟ್ಟಿಗೆಯನ್ನು ಕೆಳಗಿಟ್ಟಳು. ಅದರಲ್ಲಿ ಕೆಂಪು ಬಣ್ಣದ ಒಂದು ಜೊತೆ ಪುಟ್ಟ ಚಪ್ಪಲಿ. ಬೆಳಿಗ್ಗೆ ದೇವದುರ್ಗ ಠಾಣೆಯಿಂದ ಹೊರಡುವಾಗ ಕಾನ್‌ಸ್ಟೇಬಲ್ ಅರೀಬಾ ಕೈಗೊಂದು ಕಾಗದ ತುರುಕಿದ್ದಳು. ಅದರ ಮೇಲೆ ಅವಳ ಮಗಳು ತಮನ್ನಾಳ ಪಾದವಿಟ್ಟು ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದಿತ್ತು. "ರಂಜಾನಿಗೆ ತಂದಿದ್ದು ಆಗಲೇ ಹಿಡೀವಲ್ವಂತ್ರಿ. ಅರಕೇರಾದಾಗ ನಮ್ಮಮ್ಮನ ಕೈಯಾಗ ಬೆಳಿಯಾಕತ್ತಾಳಲ್ರಿ, ಕಾಲು ಬೆಳದಾವ. ರಾಯಚೂರಾಗ ತೀನ್ ಕಂದೀಲ್ ಬಜಾರ ಹತ್ರ ಒಂದು ಜೋಡು ತಂದ್ಬಿಡ್ರಿ ಮೇಡಮ್" ಎಂದು ನಕ್ಕಿದ್ದಳು. ಆ ಠಾಣೆಯಲ್ಲಿ ಈ ದಿನಗಳಲ್ಲಿ ನಗುತ್ತಿದ್ದವಳು ಅವಳೊಬ್ಬಳೇ.

"ನೀವೇ ಕೊಟ್ಟ ವರದಿ ಅಲ್ಲೇನ್ರಿ ಇದು? 'ಸಾಮಾನ್ಯ' ಅಂತ ಬರದೀರಿ."

"ಬರದೀವಿ. ನೀವು ನಿನ್ನೆ ಫೋನ್ ಮಾಡಿ, ಮಾತು ಬ್ಯಾಡ, ಅಂಕಿ ಹೇಳ್ರಿ ಅಂದ್ರಲ್ಲ, ಅವಾಗ ಅಂಕಿ ನೋಡಿದ್ನಿ. ರಾತ್ರಿ ನಿದ್ದಿ ಬರಲಿಲ್ಲ."

ಅರಕೇರಾದ ನಾಲ್ಕು ವರ್ಷದ ದುರ್ಗಾ ಸತ್ತಾಗಿನಿಂದ ಊರೆಲ್ಲ ಅವಳ ಮಲತಾಯಿ ಮೌನೇಶ್ವರಿಯ ಕಡೆ ಬೆರಳು ತೋರಿಸುತ್ತಿತ್ತು. ವಿಷ ಹಾಕಿದ್ದಾಳೆಂದು ದೂರು ಕೊಟ್ಟವಳು ಸತ್ತ ತಾಯಿಯ ತಂಗಿ. ಆ ದೂರಿಗೆ ಬಲ ಬಂದದ್ದು ಮಾತ್ರ ಈ ಪ್ರಯೋಗಾಲಯದ ಒಂದು ಪದದಿಂದ. ಮಕ್ಕಳ ಪೋಷಣೆಯ ಸಮೀಕ್ಷೆಗೆಂದು ಆ ಊರಿನಿಂದ ಮೂತ್ರದ ಡಬ್ಬಿಗಳು ರಾಯಚೂರಿಗೆ ಬಂದಿದ್ದವು. ದುರ್ಗಾಳ ಡಬ್ಬಿಯ ವರದಿ 'ಸಾಮಾನ್ಯ' ಎಂದಿತ್ತು. ಉಂಡು ತಿಂದು ಚೆನ್ನಾಗಿದ್ದ ಕೂಸು ಒಂದೇ ಬೆಳಗಿನಲ್ಲಿ ಸತ್ತಿತೆಂದರೆ ವಿಷವಲ್ಲದೆ ಮತ್ತೇನು? ಸರ್ಕಲ್ ಸಾಹೇಬರ ಲೆಕ್ಕ ಅದು. ಇವತ್ತು ಮುಂಜಾನೆ ಮೌನೇಶ್ವರಿಯನ್ನು ಬಂಧಿಸಿಯೂ ಆಗಿತ್ತು. ಸಂಜೆಯೊಳಗೆ ಕೋರ್ಟಿಗೆ ಹಾಜರುಪಡಿಸಬೇಕು.

"ನನಗ ತಿಳಿಯೂ ಹಂಗ ಹೇಳ್ರಿ" ಎಂದಳು ಉಮಾದೇವಿ.

"ನಮ್ಮ ಮೈಯಾಗಿನ ಮಾಂಸಖಂಡ ದಿನಾ ಒಂದೀಟು ಸವೀತದ ರೀ. ಸವೆದದ್ದು ಉಚ್ಚಿನಾಗ ಹೊರಗ ಬರ್ತದ. ಅದಕ್ಕ ಕ್ರಿಯಾಟಿನಿನ್ ಅಂತೀವಿ. ಖಂಡ ಎಷ್ಟೋ ಅದು ಅಷ್ಟು. ಒಂದು ಹಗಲು ಒಂದು ರಾತ್ರಿ ಕೂಸು ಹೊಯ್ದದ್ದೆಲ್ಲ ಕೂಡಿಟ್ಟು ಅಳೆದ್ರ, ಅಷ್ಟೆತ್ತರದ ಕೂಸಿಗೆ ಖಂಡ ಎಷ್ಟಿರಬೇಕಿತ್ತು, ಎಷ್ಟು ಉಳದದ ಅಂತ ಗೊತ್ತಾಗ್ತದ. ಉಪವಾಸ ಬಿದ್ದ ಕೂಸಿಂದು ಕಡಿಮಿ ಬರ್ತದ."

"ದುರ್ಗಾಂದು?"

"ಕಡಿಮಿ ಅಲ್ಲ, ವಿಪರೀತ ಹೆಚ್ಚು. ಅಷ್ಟು ಖಂಡ ನಾಲ್ಕು ವರ್ಷದ ಯಾವ ಕೂಸಿನ ಮೈಯಾಗೂ ಇರಂಗಿಲ್ಲ. ಇದು ದೊಡ್ಡವರದು."

"ಹಂಗಾದ್ರ ಆವಾಗ ಯಾಕ ಯಾರ ಕಣ್ಣಿಗೂ ಬೀಳಲಿಲ್ಲ?"

ತಹಸೀನ್ ಕನ್ನಡಕ ಹಾಕಿಕೊಂಡಳು. "ನಾವು ಕೆಳಗೊಂದು ಗೆರಿ ಹಾಕಿದ್ವಿ. ಅದರ ಕೆಳಗ ಬಿದ್ದ ಕೂಸುಗಳ್ನ ಹುಡುಕೂದು ನಮ್ಮ ಕೆಲಸ. ಮ್ಯಾಲ ಗೆರಿ ಹಾಕೂದು ಯಾರಿಗೂ ಹೊಳಿಲಿಲ್ಲ. ಕೂಲಿ ಮಾಡೋರ ಮನಿ ಕೂಸಿಗೆ ಯಾವುದೂ ಹೆಚ್ಚಾಗೂದು ಸಾಧ್ಯ ಅಂತ ನಾವು ಅಂದ್ಕೊಂಡs ಇರಲಿಲ್ಲ."

"ಗಂಡಸಿಂದೋ ಹೆಂಗಸಿಂದೋ?"

"ಅದು ಇದರಾಗ ತಿಳಿಯಂಗಿಲ್ಲ. ಫ್ರೀಜರ್‌ನಾಗ ಸ್ವಲ್ಪ ಉಳಿಸಿಟ್ಟೀವಿ. ನೋಡ್ತೀನಿ."

ಜೀಪು ಹತ್ತುವಾಗ ಉಮಾದೇವಿಯ ತಲೆಯಲ್ಲಿ ಇದ್ದದ್ದು ಅಂಗನವಾಡಿಯ ಕನಕಮ್ಮ. ಡಬ್ಬಿಗಳು ಒಂದು ರಾತ್ರಿ ಅವಳ ಕೇಂದ್ರದಲ್ಲೇ ಇದ್ದವು. ಕೂಸು ಸೊರಗಿದೆ ಎಂದು ವರದಿ ಬಂದರೆ ಮೊದಲು ಜವಾಬು ಕೊಡಬೇಕಾದವಳೂ ಅವಳೇ.

ದಾರಿಯಲ್ಲಿ ಮಾನ್ವಿಗೆ ಹೋಗಬೇಕಿತ್ತು.

*

ದೂರು ಕೊಟ್ಟ ನಾಗರತ್ನಾ ಮಲ್ಲಟದ ಹುಡುಗಿ. ಮದುವೆಯಾದ ಮೇಲೆ ಮಾನ್ವಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದಳು. ಉಮಾದೇವಿ ಒಳಗೆ ಬಂದರೂ ಮಷಿನ್ ನಿಲ್ಲಿಸಲಿಲ್ಲ.

"ಮತ್ತ ಬಂದ್ರೇನು? ಕೂಸು ಮೈ ಕೈ ತುಂಬ್ಕೊಂಡು ಹೆಂಗಿತ್ತು! ಹೋದ ತಿಂಗಳ ನಾನs ನೋಡೀನಿ. ಗಲ್ಲ ಹಿಂಗ. ಅಂಥಾ ಕೂಸು ಹಂಗs ಸಾಯ್ತದೇನು?"

"ಅದನ್ನs ಕೇಳಾಕ ಬಂದೀನಿ."

"ಏನು ಕೇಳ್ತೀರಿ ಬಿಡ್ರಿ." ಮಷಿನ್ ನಿಂತಿತು. "ನೀವೂ ಎರಡನೇ ಸಂಬಂಧದಾಕಿನ ಅಂತಲ್ಲ. ಅದಕ್ಕs ಆಕಿ ಕಡಿ ಎಳೀತೀರಿ."

ಹದಿನಾರು ವರ್ಷದಿಂದ ಉಮಾದೇವಿ ಸಾಕಿದ ಗಂಡನ ಮಗಳು ನಾಲ್ಕು ಜನರ ಮುಂದೆ ಈಗಲೂ ಅವಳನ್ನು 'ಆಂಟಿ' ಎನ್ನುತ್ತಿದ್ದಳು. ಆ ಹುಡುಗಿ ಚಿಕ್ಕವಳಿದ್ದಾಗ ಬಿದ್ದು ಮೊಣಕಾಲು ತರಚಿಕೊಂಡರೆ, ಮದ್ದು ಹಚ್ಚುವ ಮೊದಲು ಉಮಾದೇವಿ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದಳು, ಯಾರಾದರೂ ಕಂಡು ತನ್ನದೇ ಕೈವಾಡ ಅಂದುಕೊಂಡಾರೆಂದು.

"ಸಾಕ್ಷಿ ಬೇಕಂದ್ರಲ್ಲ, ತಗೋರಿ." ನಾಗರತ್ನಾ ಗೂಟಕ್ಕೆ ತೂಗುಹಾಕಿದ್ದ ಚೀಲದಿಂದ ಒಂದು ಕರವಸ್ತ್ರ ತೆಗೆದು ಬಿಚ್ಚಿದಳು. ಬೆಳ್ಳಿಯ ಕಾಲ್ಗೆಜ್ಜೆ, ಎರಡೂ ತುಂಡಾಗಿದ್ದವು. "ನನ್ನ ಅಕ್ಕ ಸಣ್ಣಾಕಿದ್ದಾಗಿನವು. ದುರ್ಗಾನ ಕಾಲಿಗೆ ನಾನs ಹಾಕಿದ್ನಿ. ಮಣ್ಣಿಗೆ ಹೋದ ದಿನ ಆ ಮನಿ ಗೂಡಿನಾಗ ಸಿಕ್ಕಾವ. ಮಾರ್ಕೊಳ್ಳಾಕ ಕತ್ತರಿಸಿ ಇಟ್ಟಿದ್ಲು."

ಉಮಾದೇವಿ ಗೆಜ್ಜೆಯನ್ನು ಬೆಳಕಿಗೆ ಹಿಡಿದಳು. ಕೊಂಡಿ ಗಟ್ಟಿಯಾಗಿತ್ತು, ಬಿಚ್ಚಿ ಹಾಕಲು ಬರುತ್ತಿತ್ತು. ಮಾರುವವಳು ಕೊಂಡಿ ಬಿಚ್ಚುತ್ತಾಳೆಯೇ ಹೊರತು ನಡುವೆ ಇಕ್ಕಳ ಹಾಕುವುದಿಲ್ಲ. ಕತ್ತರಿಸಿದ ತುದಿಗೆ ಏನೋ ಅಂಟಿತ್ತು. ಉಗುರಿನಿಂದ ಕೆದಕಿದಳು. ಎಣ್ಣೆಯಲ್ಲಿ ಅದ್ದಿದ ಅರಳೆ.

"ಇದೇನು ಹೇಳು."

"ಅರಳಿ."

"ಇಕ್ಕಳ ತಾಗಿ ಕೂಸಿಗೆ ನೋವಾಗಬಾರದಂತ ಯಾರೋ ಗೆಜ್ಜಿ ತಳಗ ಅರಳಿ ತುರುಕ್ಯಾರ. ಕೊಂಡಿ ಬಿಚ್ಚಾಕ ಬೆರಳು ಹೋಗದಷ್ಟು ಗೆಜ್ಜಿ ಕಾಲಾಗ ಹುಗದಿತ್ತು, ನಾಗರತ್ನಾ. ಅದಕ್ಕ ಕತ್ತರಿಸ್ಯಾರ. ಕೂಸು ಮೈ ಹಿಡಿದಿರಲಿಲ್ಲ. ಬಾತಿತ್ತು."

ಫೋನಿನಲ್ಲಿ ಕೇಳಿದಾಗ ತಹಸೀನ್ ತಡವರಿಸದೆ ಹೇಳಿದಳು: ಹೌದು, ಹಾಲು, ತತ್ತಿ, ಬೇಳೆ ಕಾಣದ ಕೆಲವು ಕೂಸುಗಳ ಮೈಯಲ್ಲಿ ನೀರು ನಿಲ್ಲುತ್ತದೆ. ತಕ್ಕಡಿಯಲ್ಲಿ ತೂಕ ಸರಿ ಬರುತ್ತದೆ, ಗಲ್ಲ ತುಂಬಿ ಕಾಣುತ್ತದೆ, ಒಳಗೆ ಖಂಡ ಕರಗಿರುತ್ತದೆ. ಅಂಥ ಕೂಸುಗಳನ್ನು ಹಿಡಿಯಲೆಂದೇ ಆ ಡಬ್ಬಿ.

ನಾಗರತ್ನಾ ಅರಳೆಯ ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಲೇ ಇದ್ದಳು. "ಗಲ್ಲ ಹಿಂಡಿ ಮುದ್ದು ಮಾಡಿದ್ನಿ ರೀ ನಾನು" ಎಂದಳು. "ಛಲೋ ಆಗೀಯಲ್ಲಬೇ ಅಂತ."

*

ಅರಕೇರಾದ ಮನೆಯಲ್ಲಿ ದುರ್ಗಾಳ ಅಜ್ಜಿ ಹುಲಿಗೆಮ್ಮ ಹೊಸ್ತಿಲಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅವಳ ಮಗ ಯಂಕೋಬ, ದುರ್ಗಾಳ ಅಪ್ಪ, ಪುಣೆಯ ಕಟ್ಟಡದ ಕೆಲಸದಿಂದ ಮಗಳ ಮಣ್ಣಿಗೆ ಬಂದು ಹೋಗಿದ್ದ.

ಉಮಾದೇವಿ ಅವಳ ಪಕ್ಕದಲ್ಲೇ ಕೂತು ತುಂಡಾದ ಗೆಜ್ಜೆಯನ್ನು ಮೊರದೊಳಗೆ ಇಟ್ಟಳು. ಮುದುಕಿಯ ಕೈ ನಿಂತಿತು.

"ಯಾರು ಕತ್ತರಿಸಿದ್ರಬೇ?"

"ನನ್ನ ಸೊಸಿ, ಮೌನಿ. ಕಾಲು ಒತ್ತಿದ್ರ ತಗ್ಗು ಬೀಳ್ತಿತ್ತ ಯವ್ವಾ, ನಾದಿದ ಹಿಟ್ಟಿನಾಗ ಬೆರಳಿಟ್ಟಂಗ. ಆಕಿ ಊದಿ ಊದಿ ಕತ್ತರಿಸಿದ್ಲು."

"ಇದನ್ನ ಯಾಕ ಯಾರಿಗೂ ಹೇಳಲಿಲ್ಲ ನೀನು? ನಿನ್ನ ಸೊಸಿನ್ನ ಕೊಲೆಗಾತಿ ಅನ್ನಾಕತ್ತಾರ."

ಹುಲಿಗೆಮ್ಮ ಒಂದೊಂದೇ ತೊಗರಿ ಕಾಳನ್ನು ಗೆಜ್ಜೆಯಿಂದ ಬೇರೆ ಸರಿಸಿದಳು.

"ಹೇಳಿದ್ರ ಡಬ್ಬಿ ಸುದ್ದಿ ಬರ್ತದ."

"ಡಬ್ಬಿಯಾಗ ಏನು ಹಾಕಿದಿ?"

"ಅಂಬರೀಶಂದು." ದುರ್ಗಾಳ ಅಣ್ಣ, ಎರಡನೆಯ ತರಗತಿಯ ಹುಡುಗ. "ಡಬ್ಬಿ ಕೊಟ್ಟೋರು ಅಂದ್ರು, ಇದರಾಗ ಕಡಿಮಿ ಬಂದ್ರ ಕೂಸಿನ್ನ ರಾಯಚೂರು ದವಾಖಾನಿಗೆ ಒಯ್ದು ಇಟ್ಕೊಂತೀವಿ ಅಂತ. ನನ್ನ ಮೊದ್ಲಿನ ಸೊಸಿ ರಾಯಚೂರಿಗೆ ತನ್ನ ಕಾಲಿಲೆ ನಡ್ಕೋಂತ ಹೋಗಿ ಬಸ್ ಹತ್ತಿದಾಕಿ. ತಿರುಗಿ ಚಾದರದಾಗ ಸುತ್ತಿ ತಂದ್ರು. ಆಕಿ ಮಗಳನ್ನೂ ಕಳಸ್ಲೇನು ನಾನು? ಕೂಸಿಂದು ಬೇವಿನ ಬುಡಕ ಚೆಲ್ಲಿದ್ನಿ. ಹುಡುಗನ್ನ ಸಾಲಿ ಬಿಡಿಸಿ ದಿನಪೂರ್ತಿ ನೀರು ಕುಡಿಸಿದ್ನಿ. 'ಎಷ್ಟು ಹೊಯ್ಯಲಿಬೇ ಯಮ್ಮಾ' ಅಂತ ನಗಾಕತ್ತಿತ್ತು."

ಅವಳೂ ಒಂದು ಕ್ಷಣ ನಕ್ಕಳು. ಮರುಕ್ಷಣ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಮನ್ಯಾಗ ಉಳಿಲಿ ಅಂತ ಮಾಡಿದ್ನಿ ಯವ್ವಾ. ಮನ್ಯಾಗ ಉಳಿಲಿ ಅಂತ."

ಉಮಾದೇವಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆದರೆ ಮನಸ್ಸು ಒಂದು ಕಡೆ ಸಿಕ್ಕಿಕೊಂಡಿತ್ತು. ಅಂಬರೀಶ ಎಷ್ಟೇ ಗಟ್ಟಿಮುಟ್ಟಾದರೂ ಹುಡುಗ. ತಹಸೀನ್ ದೊಡ್ಡವರದು ಎಂದಿದ್ದಳು. ಹಾಗಿದ್ದರೆ ಮುದುಕಿ ತುಂಬಿಸಿದ ಡಬ್ಬಿಯನ್ನು ಅವಳ ಹಿಂದೆಯೇ ಇನ್ಯಾರೋ ಬರಿದು ಮಾಡಿದ್ದರು.

ಜೀಪಿನ ಹತ್ತಿರ ಬರುವಷ್ಟರಲ್ಲಿ ಫೋನು ಬಂತು.

"ಮೇಡಮ್, ಉಳಿದದ್ದರಾಗ ಒಂದು ಹನಿ ಸ್ಟ್ರಿಪ್ ಮ್ಯಾಲ ಹಾಕಿ ನೋಡಿದ್ನಿ. ಅಂಗಡ್ಯಾಗ ಸಿಗ್ತದಲ್ರಿ, ಹೆಣ್ಮಕ್ಕಳು ಮನ್ಯಾಗ ನೋಡ್ಕೊಳ್ಳೂದು." ತಹಸೀನ್ ದನಿ ತಗ್ಗಿತು. "ಎರಡು ಗೆರಿ ಬಂದಾವ. ಬಸುರಿ ಹೆಂಗಸಿಂದು ಅದು."

ಕನಕಮ್ಮ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನವಳು. ಉಮಾದೇವಿಯ ಕಣ್ಣ ಮುಂದೆ ಬಂದದ್ದು ಠಾಣೆಯ ಗೋಡೆಗೆ ಒರಗಿ, ಅನ್ನದ ತಟ್ಟೆಯ ವಾಸನೆಗೆ ಮುಖ ತಿರುಗಿಸಿ ಕೂತಿದ್ದ ಒಂದು ಹೆಣ್ಣು.

*

"ಒಂದು ತುತ್ತು ತಿಂದಿಲ್ರಿ ಮೇಡಮ್" ಎಂದಳು ಅರೀಬಾ ಠಾಣೆಯಲ್ಲಿ ಎದುರಿಗೆ ಬಂದು. "ತಲಿ ಬಾಚಿದ್ನಿ, ಅಷ್ಟಕ್ಕ ಸುಮ್ಮನ ಕುಂತ್ಲು. ಚಪ್ಪಲಿ ಸಿಕ್ಕಾವೇನ್ರಿ?"

ಉಮಾದೇವಿ ಪೆಟ್ಟಿಗೆ ಕೊಟ್ಟಳು. ಅರೀಬಾ ಅಲ್ಲೇ ತೆಗೆದು, ಕೆಂಪು ಚಪ್ಪಲಿಯನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡಿದಳು. "ಯಾ ಅಲ್ಲಾ, ಎಷ್ಟು ದೊಡ್ಡವು! ನೋಡಬೇ ಮೌನೇಶ್ವರಿ, ನನ್ನ ಮಗಳ ಕಾಲು ನೋಡು. ರಂಜಾನಿಂದ ಇಲ್ಲೀತನಕ ಇಷ್ಟು ಬೆಳದಾಳ." ಚಪ್ಪಲಿಯನ್ನು ಮೇಜಿನ ಮೇಲಿಟ್ಟು, "ಚಹಾ ತರ್ತೀನಿ, ಆಕಿಗೂ" ಎಂದು ಹೊರಗೆ ಹೋದಳು.

ಮೌನೇಶ್ವರಿ ಚಪ್ಪಲಿಯಿಂದ ಕಣ್ಣು ತೆಗೆಯಲಿಲ್ಲ. ನಾಲ್ಕಾರು ಸಲ ಕರೆಸಿ ಕೇಳಿದಾಗಲೂ ಒಂದು ಮಾತು ಆಡದವಳು. ಬೈದರೂ ಇಲ್ಲ, ಬೇಡಿಕೊಂಡರೂ ಇಲ್ಲ. ಇಪ್ಪತ್ತೆರಡರ ಹುಡುಗಿ, ಮುಖ ಮಾತ್ರ ಎಷ್ಟೋ ವರ್ಷ ಮುಂದೆ ನಡೆದುಹೋಗಿತ್ತು.

ಉಮಾದೇವಿ ಕುರ್ಚಿ ಬಿಟ್ಟು ನೆಲದ ಮೇಲೆ ಅವಳೆದುರು ಕೂತಳು.

"ಮುಟ್ಟು ನಿಂತದ್ದು ಯಾರಿಗಾದ್ರೂ ಹೇಳೀಯೇನು?"

ಹುಡುಗಿಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಹೋದ ಮೇಲೆ ಅವಳಿಗೆ ತಿಳಿಯಿತು.

"ಡಬ್ಬಿಯಾಗ ಇದ್ದದ್ದು ನಿಂದು. ಅತ್ತಿ ಅಂಬರೀಶಂದು ಹಾಕಿದ್ಲು. ನೀನು ಅದನ್ನ ಚೆಲ್ಲಿ ನಿಂದು ಹಾಕಿದಿ. ಯಾಕ?"

"ಡಬ್ಬಿ ಮ್ಯಾಲ ದುರ್ಗಾನ ಹೆಸ್ರಿತ್ರಿ" ಎಂದಳು ಮೌನೇಶ್ವರಿ. ದನಿ ಬಳಸದೆ ತುಕ್ಕು ಹಿಡಿದಂತಿತ್ತು. "ಜಡ್ಡಿನ ಕೂಸಿನ ಹೆಸ್ರಿಗೆ ಇನ್ನೊಬ್ರ ಮೈಯಿಂದು ಕೊಟ್ರ ಆ ಜಡ್ಡು ಅವರಿಗೆ ಹತ್ತತದ ಅಂತಾರ ನಮ್ಮ ಕಡಿ. ಹುಡುಗಗ ಯಾಕ ಹತ್ತಬೇಕು? ಹತ್ತೂದಿದ್ರ ನನಗ ಹತ್ತಲಿ, ಕೂಸಿಂದು ಇಳೀಲಿ ಅಂತ."

"ಹೊಟ್ಯಾಗ ಒಂದು ಇಟ್ಕೊಂಡು?"

"ಅದು ನಂದs ಅಲ್ಲೇನ್ರಿ." ಅವಳು ಮೊದಲ ಸಲ ತಲೆ ಎತ್ತಿದಳು. "ಅವೆರಡು ಸತ್ತಾಕಿವು. ಅವಕ್ಕೇನಾದ್ರೂ ಆದ್ರ, ತನ್ನದು ಉಳಿಸ್ಕೊಂಡ್ಲು ನೋಡು ಅಂತಿದ್ರು ಮಂದಿ. ನನ್ನದಕ್ಕೇನಾದ್ರೂ ಆದ್ರ ಯಾರೂ ಏನೂ ಅನ್ನಂಗಿಲ್ಲ."

ಮೊಣಕಾಲು ತರಚಿಕೊಂಡ ಕೂಸಿನ ಮುಂದೆ ಬಾಗಿಲ ಕಡೆ ನೋಡುತ್ತ ನಿಂತ ತನ್ನನ್ನೇ ಉಮಾದೇವಿ ಇಲ್ಲಿ ಕಂಡಳು. ತಾನು ಬಸುರಾಗದೆಯೇ ಉಳಿದದ್ದು ಯಾವ ಅಂಜಿಕೆಗೆ ಎಂಬುದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

"ಕೂಸು ಹೆಂಗ ಹೋತವ್ವಾ?"

"ವಾಂತಿ ಭೇದಿ ಹತ್ತಿತ್ತು. ಎತ್ಕೊಂಡು ಬಸ್ಸಿಗೆ ನಿಂತಿದ್ನಿ. ಕವಿತಾಳದ ಕಡಿಂದ ಬಸ್ ಬರೂದು ದೂರಕ್ಕ ಕಂಡಿತ್ತು. 'ಬಂತು ನೋಡವ್ವಾ' ಅಂದ್ನಿ. ಅವಾಗs ಹೆಗಲ ಮ್ಯಾಲ ಭಾರ ಆತು."

"ಇಷ್ಟು ದಿನ ಇದನ್ನ ಯಾಕ ಹೇಳಲಿಲ್ಲ? ಸಂಜಿಗೆ ನಿನ್ನ ಕೋರ್ಟಿಗೆ ಒಯ್ಯಬೇಕು, ಗೊತ್ತದ ಇಲ್ಲೋ?"

ಮೌನೇಶ್ವರಿ ಬಾಗಿಲ ಕಡೆ ನೋಡಿದಳು. ಆಗ ಉಮಾದೇವಿಗೆ ನೆನಪಾಯಿತು. ಪ್ರತಿ ಸಲವೂ ಹೀಗೆಯೇ. ಪ್ರಶ್ನೆ ಕೇಳಿದಾಗ ಅವಳ ಕಣ್ಣು ಮೊದಲು ಅಲ್ಲಿ ನಿಂತಿರುತ್ತಿದ್ದ ಅರೀಬಾಳ ಕಡೆ ಹೋಗುತ್ತಿತ್ತು, ಆಮೇಲೆ ನೆಲಕ್ಕೆ.

"ಆಕಿ ಇರ್ತಿದ್ಲಲ್ರಿ. ಡಬ್ಬಿ ಸುದ್ದಿ ತೆಗೆದ್ರ ಅವರವ್ವನ ಹೆಸ್ರೂ ಹೇಳಬೇಕಾಗ್ತದ."

"ಅವರವ್ವ? ದಾವಲ್ ಬೀ?"

"ನಮ್ಮ ಹಿತ್ತಲ ಗೋಡಿ ಆಚಿ ಕಡಿ ಅವರ ಮನಿ. ಅವರಿಗೂ ಒಂದು ಡಬ್ಬಿ ಬಂದಿತ್ತು, ತಮನ್ನಾಂದು. ಆ ಕೂಸು ಚಹಾದಾಗ ಟೋಸ್ಟ್ ಅದ್ದಿ ತಿಂತದ, ಬ್ಯಾರೆ ಏನು ಕೊಟ್ರೂ ಉಗಳ್ತದ. ವರದಿ ಕೆಟ್ಟ ಬಂದ್ರ ಅಳಿಯನ ಮನಿಯವ್ರು ಮಗಳ ನೌಕರಿ ಬಿಡಸ್ತಾರ ಅಂತ ದಾವಲ್ ಬೀ ಅಳಾಕತ್ತಿದ್ರು. ನಾನs ಹೇಳಿದ್ನಿ ರೀ. 'ನನ್ನಂಗ ಮಾಡ್ರಿ, ನಿಮ್ಮದs ಹಾಕಿ ಕೊಡ್ರಿ' ಅಂತ."

ಉಮಾದೇವಿ ಎದ್ದು ನಿಂತಳು.

"ಯಾರ ಮುಂದೂ ಅನ್ನಂಗಿಲ್ಲ ಅಂತ ದಾವಲ್ ಬೀಗೆ ಮಾತು ಕೊಟ್ಟಿದ್ನಿ. ಅವರ ಮಗಳು ಇವತ್ತು ನನ್ನ ತಲಿ ಬಾಚಿದ್ಲು, ಮೇಡಮ್. ನನ್ನ ತಲಿ ಯಾರೂ ಬಾಚಿಲ್ಲ." ಮೌನೇಶ್ವರಿ ಮೇಜಿನ ಮೇಲಿನ ಚಪ್ಪಲಿಗೆ ಕೈ ತೋರಿಸಿದಳು. "ಆದ್ರ ಅವನ್ನ ನೋಡ್ರಿ. ಕೂಸಿನ ಕಾಲು ಅಷ್ಟು ಲಗೂನ ಬೆಳಿಯಂಗಿಲ್ರಿ. ದುರ್ಗಾನ ಗೆಜ್ಜಿನೂ ಹಂಗs ಹಿಡೀದಂಗಾತು, ಮೊದ್ಲು. ಆಮ್ಯಾಲ ಕಾಲಾಗ ಬೆರಳಿಟ್ಟಲ್ಲಿ ಕುಸೀತಿತ್ತು."

ಹೊರಗೆ ಡ್ರೈವರ್ ಹಾರ್ನ್ ಹಾಕಿದ. ಕೋರ್ಟಿನ ಹೊತ್ತು. ಠಾಣೆಗೆ ಇದ್ದದ್ದು ಅದೊಂದೇ ಜೀಪು.

"ನನ್ನ ನಡಿಸ್ಕೊಂಡು ಒಯ್ರಿ" ಎಂದಳು ಮೌನೇಶ್ವರಿ. "ಜೀಪು ಅರಕೇರಾಕ್ಕ ಕಳಸ್ರಿ."

ಆಗ ಉಮಾದೇವಿ ತಿರುಗಿದಳು. ಬಾಗಿಲಲ್ಲಿ ಅರೀಬಾ ನಿಂತಿದ್ದಳು, ಎರಡು ಕೈಯಲ್ಲಿ ಎರಡು ಚಹಾ ಗ್ಲಾಸು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಚಹಾದ ಮೇಲೆ ಕೆನೆ ಕಟ್ಟಿತ್ತು.

ಅವಳು ಗ್ಲಾಸುಗಳನ್ನು ಒಂದು ಹನಿಯೂ ತುಳುಕದಂತೆ ಮೇಜಿನ ಮೇಲೆ, ಚಪ್ಪಲಿಯ ಪಕ್ಕಕ್ಕೆ ಇಟ್ಟಳು. "ಒತ್ತಿದ್ರ ತಗ್ಗು ಬೀಳ್ತದೇನ್ರಿ?" ಎಂದು ಕೇಳಿದಳು, ಉಮಾದೇವಿಯನ್ನಲ್ಲ, ನೆಲದ ಮೇಲೆ ಕೂತವಳನ್ನು.

ಮೌನೇಶ್ವರಿ ಹೌದೆಂದು ತಲೆಯಾಡಿಸಿದಳು.

ಅರೀಬಾ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಆ ಕಡೆ ದಾವಲ್ ಬೀಯ ದನಿ, ಹಿಂದೆ ಕೋಳಿಗಳ ಸದ್ದು.

"ಅಮ್ಮಾಂ, ತಮನ್ನಾ ಕೇ ಪಾವಾಂ ಪೊ ಅಂಗೂಠಾ ದಬಾಕೊ ದೇಖೋ." ಕೂಸಿನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡೆಂದಳು ಅರೀಬಾ.

"ಕಾಯ್ಕು ಗೇ?" ಯಾಕೆಂದು ಕೇಳುತ್ತ ಮುದುಕಿ ನಕ್ಕಳು.

"ದೇಖೋ ಬೋಲೀ ನಾ. ಜೋರ್ ಸೇ. ಅಬ್ ಅಂಗೂಠಾ ನಿಕಾಲೋ." ಗಟ್ಟಿಯಾಗಿ ಒತ್ತಿಸಿ, ಈಗ ಬೆರಳು ತೆಗೆ ಎಂದಳು.

ಕಚಗುಳಿಗೆ ಕೂಸು ಕಿಲಕಿಲ ಎಂದದ್ದು ಕೇಳಿಸಿತು. ದಾವಲ್ ಬೀಯ ನಗುವೂ ಅದರ ಜೊತೆಗೆ ಒಂದಿಷ್ಟು ದೂರ ಬಂದು, ಅಲ್ಲೇ ನಿಂತುಹೋಯಿತು. ಆಮೇಲೆ ಆ ಕಡೆ ಕೋಳಿಗಳ ಸದ್ದು ಮಾತ್ರ.

"ಅಮ್ಮಾಂ? ಬೋಲೋ. ಅಮ್ಮಾಂ?"

ಫೋನಿನ ಹತ್ತಿರ ಬಂದು ಚಪ್ಪಲಿಯ ಸುದ್ದಿ ಕೇಳಿದ್ದು ಕೂಸು.

"ಅಮ್ಮೀ, ಮೇರೇ ಚಪ್ಪಲಾಂ ಲಾಯೇ?"